ದಿನಕ್ಕೊಂದು ಶಕ್ತಿ ಮಾತ್ರೆ

ಐದು ತಿಂಗಳಿಂದ ನನ್ನ ಹೆಂಡತಿ ನನ್ನನ್ನು ಹತ್ತಿರ ಸೇರಿಸಿರಲಿಲ್ಲ. ನಾಲ್ಕು ತಿಂಗಳಿಂದ ಅವಳು ಮುಟ್ಟಾಗಿರಲಿಲ್ಲ. ಲೆಕ್ಕ ಹಾಕಲು ನನ್ನ ಆರನೇ ಕ್ಲಾಸೇ ಸಾಕಾಗಿತ್ತು. ಇವಳಿಗೆ ಯಾರೋ ಇದ್ದಾನೆ ಎಂದುಕೊಂಡೇ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

“ಎಷ್ಟು ತಿಂಗಳು ಹೇಳಿ ಮೇಡಂ. ಇವಳ ಬಾಯಲ್ಲಂತೂ ಆ ನನ್ಮಗನ ಹೆಸರು ಬರ್ತಿಲ್ಲ.”

ಡಾಕ್ಟರಮ್ಮ ಪರೀಕ್ಷೆ ಮಾಡಿ ಬಂದರು. “ಬಸುರೇ ಇಲ್ಲವಲ್ಲಯ್ಯ! ಏನಮ್ಮ, ಯಾವುದಾದ್ರೂ ಮಾತ್ರೆ ತಗೊಳ್ತಿದ್ದೀಯಾ?”

ಹೆಂಡತಿ ಪರ್ಸಿನಿಂದ, ಶೀಟಿನಿಂದ ಕತ್ತರಿಸಿದ್ದ ಒಂದು ಮಾತ್ರೆ ತೆಗೆದು ಕೊಟ್ಟಳು. “ಶಕ್ತಿ ಮಾತ್ರೆ. ಅತ್ತೆ ದಿನಾ ಬೆಳಗ್ಗೆ ಕೊಡ್ತಾರೆ. ಇವತ್ತಿಂದು ಇನ್ನೂ ನುಂಗಿಲ್ಲ.”

“ಶಕ್ತಿಗಲ್ಲ, ಹಬ್ಬಕ್ಕೆ ಅಂತ ಮುಟ್ಟು ಮುಂದೆ ಹಾಕೋ ಹಾರ್ಮೋನ್ ಮಾತ್ರೆ ಇದು. ನಾಲ್ಕು ದಿನ ತಗೊಳ್ಳೋದನ್ನ ತಿಂಗಳುಗಟ್ಟಲೆ ನುಂಗಿದ್ರೆ ಮುಟ್ಟೂ ನಿಲ್ಲುತ್ತೆ, ಆಸೆಯೂ ಸತ್ತುಹೋಗುತ್ತೆ.”

“ಕೇಳಿಸ್ತಾ?” ಎಂದಳು ಹೆಂಡತಿ, ಅಷ್ಟೇ. ದಾರಿಯುದ್ದಕ್ಕೂ ಅವಳ ಮುಖ ನೋಡಲು ನನಗಾಗಲಿಲ್ಲ.

ಅವತ್ತು ಮಂಗಳವಾರ, ಅವ್ವನ ಮೈಮೇಲೆ ದೇವಿ ಬರುವ ದಿನ. ಹೇಳಿಕೆ ಕೇಳಲು ಜನ ಹೊರಗೆ ಕೂತಿದ್ದರು. ಅವ್ವ ಒಳಗೆ ಕನ್ನಡಿ ಮುಂದೆ ಕುಂಕುಮ ಬಳಿದುಕೊಳ್ಳುತ್ತಿದ್ದಳು.

“ಸೊಸೆಗೆ ಏನವ್ವಾ ನುಂಗಿಸಿದ್ದು?” ಎಂದು ಕಿರುಚಿದೆ.

“ಮೆತ್ತಗೆ ಮಾತಾಡು, ಜನ ಇದ್ದಾರೆ. ಮುಟ್ಟಾದೋಳು ಮನೇಲಿದ್ರೆ ದೇವಿ ನನ್ನ ಮೈಮೇಲೆ ಬರ್ತಾಳೇನೋ?”

“ನನ್ನ ಸಂಸಾರ ಹಾಳು ಮಾಡಿದೆಯಲ್ಲವ್ವಾ! ಯಾವ ಬೇವರ್ಸಿ ನಿನಗೆ ಆ ಮಾತ್ರೆ ತಂದುಕೊಟ್ಟಿದ್ದು? ಅವನ ಕೈ ಮುರೀತೀನಿ!”

ಅವ್ವ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

“ನೀನೇ ಕಣೋ. ನನ್ನ ಬಿಪಿ ಮಾತ್ರೆ ಅಂತ ಖಾಲಿ ಶೀಟು ಹಿಡ್ಕೊಂಡು ಹೋಗಿ ತಿಂಗಳು ತಿಂಗಳೂ ತರ್ತಿದ್ದೆಯಲ್ಲ.”