ಒಂಬತ್ತಾದ ಮೇಲೆ

ಮನೆಯ ಸಾಮಾನುಗಳೆಲ್ಲ ಮನೆಯವರ ಮಾತು ಕೇಳುವ ಕಾಲವಿದು. ಮಕ್ಕಳು ಮಾತ್ರ ಎಂದಿನಂತೆ ಕೇಳುವುದಿಲ್ಲ. ಇಂದುಮತಿಯ ಎಂಟು ವರ್ಷದ ಮಗಳು ಮಾಲಿನಿಯಂತೂ ಮಾತೇ ಆಡಿದವಳಲ್ಲ. ಇವತ್ತೂ ಆಡದಿದ್ದರೆ ದೂರದ ಹಾಸ್ಟೆಲ್ಲಿಗೆ ಕಳಿಸುವುದೆಂದು ಪರೀಕ್ಷಕ ರುದ್ರಪ್ಪನವರು ಕುರ್ಚಿಯಲ್ಲಿ ಕೂತಿದ್ದರು.

ಹಳೆ ಲಗ್ನಪತ್ರಿಕೆಗಳ ಮೇಲೆ ಮರಳು ಅಂಟಿಸಿ ತಾನೇ ಮಾಡಿದ ಅಂಕಿಗಳ ಮೇಲೆ ಇಂದುಮತಿ ಮಗಳ ಬೆರಳು ಆಡಿಸಿದಳು. ಐದರವರೆಗೂ ಮೌನ.

"ಆರು," ಎಂದಳು ಮಾಲಿನಿ. ಒಲೆ ಆರಿತು.

"ಏಳು."

ರುದ್ರಪ್ಪನವರ ಸಮೇತ ಕುರ್ಚಿ ಎದ್ದು ಗಾಳಿಯಲ್ಲಿ ನಿಂತಿತು.

"ಇಳಿಸೋಕೆ ಹೇಳಮ್ಮ ಅವಳಿಗೆ."

"ಅವಳಿಗೆ ಎಣಿಸೋದಷ್ಟೇ ಬರೋದು ಸಾರ್."

"ಎಂಟು. ಒಂಬತ್ತು."

ಮುಂದಿನದು ಹತ್ತು. ರುದ್ರಪ್ಪನವರು ಬೆವರಿದರು. "ಬಾಯಿ ಮುಚ್ಚಿಸಿ ತಾಯಿ, ಮೇಲೆ ಫ್ಯಾನ್ ತಿರುಗ್ತಿದೆ."

ಎಂಟು ವರ್ಷ ಕಾದ ದನಿ ಅದು. ಇಂದುಮತಿ ಫ್ಯಾನಿಗೆ "ನಿಲ್ಲು" ಎಂದಳು, ಮಗಳಿಗೆ, "ಹೇಳು ಕಂದ."