ನೆಟ್ಟಗೆ ಬೆಳೆದ ಹರಳುಗಳು

ಕತ್ತರಿಸಿ ಹೊಳಪು ಕೊಟ್ಟ ಎರಕದ ತುಂಡಿನ ಮೇಲೆ ಮಗಳು ಆಸಿಡ್ ಸವರಿದಳು. ಲೋಹದೊಳಗಿನ ಹರಳುಗಳು ಕಣ್ಣಿಗೆ ಕಾಣಲು ಒಂದು ನಿಮಿಷ ಬೇಕು. ಎರಕದ ಮೇಸ್ತ್ರಿಯಾದ ಅಪ್ಪ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು.

ಮೂರು ತಿಂಗಳಿಂದ ಎರಕಗಳು ಒಂದೇ ಮೂಲೆಯಲ್ಲಿ ಬಿರುಕು ಬಿಡುತ್ತಿದ್ದವು. "ನಿಮ್ಮ ಕೈ ಮೊದಲಿನ ಹಾಗಿಲ್ಲ ಮೇಸ್ತ್ರಿ" ಎಂದು ಮ್ಯಾನೇಜರ್ ಎಲ್ಲರೆದುರೇ ಹೇಳಿ, ಅವರನ್ನು ಕುಲುಮೆಯಿಂದ ದೂರವಿಟ್ಟಿದ್ದ. ಮಗಳು ಕಂಪ್ಯೂಟರಿನಲ್ಲಿ ಕರಗಿದ ಲೋಹವನ್ನು ನೂರಾರು ಸಲ ತಣಿಸಿ ನೋಡಿದ್ದಳು. ಹೇಗೆ ಸುರಿದರೂ ಅಚ್ಚಿನ ಚೂಪು ಮೂಲೆ ಬೇಗ ತಣ್ಣಗಾಗಿ, ಅಲ್ಲಿಂದ ಹರಳುಗಳು ಅಡ್ಡಡ್ಡ ಬೆಳೆದು, ಅಲ್ಲೇ ಬಿರುಕು ಬಿಡುತ್ತಿತ್ತು. ಮೂಲೆ ದುಂಡಗಾದರೆ ಎಲ್ಲವೂ ನೆಟ್ಟಗೆ. "ದುಂಡು ಮೂಲೆ ಅಚ್ಚಲ್ಲಿ ಒಂದೇ ಒಂದು ಸಲ ಅಪ್ಪನೇ ಸುರೀಲಿ" ಎಂದು ಪಟ್ಟುಹಿಡಿದು ಮ್ಯಾನೇಜರನ್ನು ಒಪ್ಪಿಸಿದ್ದಳು. ಹಾಗೆ ಸುರಿದ ಎರಕದ್ದೇ ಈ ತುಂಡು.

ಈಗ ಅದರ ಬೂದು ಮೈಮೇಲೆ ಹರಳುಗಳ ಗೆರೆಗಳು ಎದ್ದವು. ಬುಡದಿಂದ ತುದಿಯವರೆಗೆ ಒಂದೂ ವಾಲಿರಲಿಲ್ಲ, ಬಾಚಿದ ಕೂದಲಿನಂತಿದ್ದವು. ಮ್ಯಾನೇಜರ್ ಕಂಪ್ಯೂಟರಿನ ಚಿತ್ರವನ್ನೂ ತುಂಡನ್ನೂ ಮತ್ತೆ ಮತ್ತೆ ನೋಡಿದ.

"ಅಚ್ಚಿಂದೇ ತಪ್ಪು" ಎಂದ, ಸಣ್ಣ ದನಿಯಲ್ಲಿ.

"ಸ್ವಲ್ಪ ಜೋರಾಗಿ ಹೇಳಿ ಸಾರ್, ಆಚೆ ಇರೋರಿಗೆ ಕೇಳಿಸಿಲ್ಲ" ಎಂದಳು ಮಗಳು.

ಅವನು ಬಾಗಿಲಿಗೆ ಹೋಗಿ ಕೆಲಸಗಾರರ ಕಡೆ ತಿರುಗಿದ. "ತಪ್ಪು ಅಚ್ಚಿಂದು. ಮೇಸ್ತ್ರಿಯವರದ್ದಲ್ಲ."

ಅಷ್ಟರಲ್ಲಿ ಅಪ್ಪ ಅವನನ್ನು ದಾಟಿ, ದಾಪುಗಾಲು ಹಾಕುತ್ತ ಕುಲುಮೆಯತ್ತ ಹೊರಟಾಗಿತ್ತು.