ಕೆಂಪು ಗೆರೆ

"ಅವಸರ ಮಾಡಬ್ಯಾಡ ಕಣವ್ವ. ಮೊದ್ಲು ಸೀಟು."

ಮಾನ್ಯ ಅವಸರ ಮಾಡಿರಲೇ ಇಲ್ಲ. ಸ್ಪ್ಯಾನರ್ ಹುಡುಕುತ್ತಿದ್ದಳು. ಜಗಲಿಯಿಂದ ಬಂದ ಅಪ್ಪನ ಮಾತಿಗೆ ಎದುರಾಡದೆ ಗೇರ್ ಸೈಕಲ್ಲಿನ ಪಕ್ಕ ಮಂಡಿಯೂರಿದಳು.

ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಗೌರೀಶನ ಸೈಕಲ್ ಅಂಗಡಿ ಎಂದರೆ ಯಾರಾದರೂ ದಾರಿ ತೋರಿಸುತ್ತಿದ್ದರು. ಸುತ್ತಲಿನ ಊರುಗಳ ಸೈಕಲ್ಲುಗಳನ್ನೆಲ್ಲ ಆ ಅಂಗಡಿಯಲ್ಲಿ ರಿಪೇರಿ ಮಾಡಿದ್ದ ಅಪ್ಪ, ಸ್ವಂತ ಮಗಳು ಕಲಿಯುವಾಗ ಮಾತ್ರ ಅಂಗಳಕ್ಕೆ ಇಳಿಯಲಿಲ್ಲ. ಓರಗೆಯ ಹುಡುಗಿಯರ ಅಪ್ಪಂದಿರು ಪಂಚೆ ಎತ್ತಿಕಟ್ಟಿ, ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ಮಾನ್ಯಳ ಪಾಲಿಗೆ ಬಂದದ್ದು ಬರೀ ಮಾತು.

ಅವರ ಮನೆಯಿದ್ದ ಹಳ್ಳಿಯ ಶಾಲೆ ಏಳನೇ ಕ್ಲಾಸಿನ ತನಕ ಮಾತ್ರ. ಸೋಮವಾರ ಹಳ್ಳಿಮೈಸೂರಿನ ಹೈಸ್ಕೂಲು ಶುರು. ಶಾಲೆಯ ಹೊತ್ತಿಗೆ ಹೊಂದುವ ಬಸ್ಸಿಲ್ಲ. ಸೈಕಲ್ಲು ಹತ್ತದಿದ್ದರೆ ಓದು ಏಳಕ್ಕೇ ನಿಂತಂತೆ. ಎಂಟನೇ ಕ್ಲಾಸಿಗೆ ಬರುವ ತನಕ ಮುಟ್ಟಕೂಡದು ಎಂಬ ಅಪ್ಪನ ಕಟ್ಟಪ್ಪಣೆಯಂತೆ ಗೋಣಿಚೀಲ ಹೊದ್ದು ನಿಂತಿದ್ದ ಸೈಕಲ್ಲು ಈ ಬೇಸಿಗೆಯಲ್ಲಿ ಹೊರಗೆ ಬಂದಿತ್ತು. ಆದರೆ ರಜೆ ಮುಗಿಯುತ್ತ ಬಂದರೂ ಅಂಗಳ ದಾಟಿರಲಿಲ್ಲ.

"ಗೆರೆಗೆ ನಿಲ್ಸು. ದಾಟಿಸಬ್ಯಾಡ. ನಿಮ್ಮಮ್ಮನ ಭುಜಕ್ಕೆ ಬಂದಿದ್ದೀಯ, ಅಷ್ಟು ಸಾಕು."

ಸೀಟಿನ ಕಂಬಿಯ ಮೇಲೆ ಅಪ್ಪ ಎಳೆದ ಕೆಂಪು ಬಣ್ಣದ ಗೆರೆ. ಮಾನ್ಯ ಅಲ್ಲಿಗೇ ಬೋಲ್ಟು ಬಿಗಿದಳು. ಅವಳು ಈಗ ಅಮ್ಮನ ಕಿವಿಯ ಎತ್ತರಕ್ಕಿದ್ದಳು. ಅಪ್ಪ ಒಂದು ಸಲ ನೋಡಿದ್ದರೂ ಗೊತ್ತಾಗುತ್ತಿತ್ತು.

"ಹತ್ತಿ ಕೂತ್ರೆ ಮಂಡಿ ಗಲ್ಲಕ್ಕೆ ಬಡೀತದಲ್ಲೇ, ಮಿಡತೆ ಇದ್ದಂಗಿದ್ದೀಯ. ಎತ್ತೇ ಅದ್ನ," ಎಂದಳು ಅಜ್ಜಿ ಗುರುಸಿದ್ದಮ್ಮ.

"ಅಪ್ಪ ಹೇಳಿರೋದು ಗೆರೆಗೇ."

ಬೆಳಗ್ಗೆ ವಚನದ ಹಾಡು ಕೇಳದೆ ಕಾಫಿ ಕುಡಿಯದಿದ್ದ ಅಜ್ಜಿ ಈಚೆಗೆ ಅದನ್ನೂ ಬಿಟ್ಟು ಸುಮ್ಮನಿರುವುದನ್ನು ಕಲಿತಿದ್ದಳು.

ಅಪ್ಪ ಕಾಯುತ್ತಿದ್ದ. ಉಸಿರು ಕೇಳುತ್ತಿತ್ತು. ಆಮೇಲೆ ಬ್ರೇಕಿನ ಪಾಠ. ಬಲಗೈಯದು ಮುಂದಿನ ಚಕ್ರದ್ದು, ಇಳಿಜಾರಿನಲ್ಲಿ ಅದೊಂದನ್ನೇ ಅದುಮಿದರೆ ಸೈಕಲ್ಲು ತಲೆಯ ಮೇಲೆ ಬರುತ್ತದೆ.

"ನಿಮ್ಮಮ್ಮ ಸೊಪ್ಪಿನೋಳ ಹತ್ರ ಚೌಕಾಸಿ ಮಾಡ್ತಾಳಲ್ಲ, ಅಂಗೆ. ಒಸಿ ಹಿಡೀಬೇಕು, ಒಸಿ ಬಿಡಬೇಕು."

ಅಪ್ಪ ತನ್ನ ಮಾತಿಗೆ ತಾನೇ ನಕ್ಕ. ನಗು ಕೆಮ್ಮಾಯಿತು. ಕಂಬಕ್ಕೊರಗಿ ಕೂತಿದ್ದ ಅಮ್ಮ ನೀಲಾಂಬಿಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಕರೆಂಟು ಹೋಯಿತು. ಎದುರಿನ ಹಿಟ್ಟಿನ ಗಿರಣಿ ನಿಂತಿತು. ಅಪ್ಪನೂ ಸುಮ್ಮನಾದ. ಮಾನ್ಯ ಚೈನಿಗೆ ಎಣ್ಣೆ ಬಿಡುತ್ತ ಕಾದಳು. ಗಿರಣಿ ಮತ್ತೆ ಗುಡುಗಿದಾಗಲೇ ಪಾಠ ಮುಂದುವರಿದದ್ದು.

"ಗೇರು ನಿಂತಲ್ಲೇ ಬದಲಾಯ್ಸಬ್ಯಾಡ. ನಿಂತ ಸೈಕಲ್ಗೆ ಗೇರು ಬೀಳಕಿಲ್ಲ. ತುಳೀತಾ ಇರಬೇಕು."

ಅವಳು ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸುತ್ತ ಗೇರು ಬದಲಿಸಿ ನೋಡಿದಳು. ಚೈನು ಟಕ್ಕೆಂದು ಪಕ್ಕದ ಹಲ್ಲುಚಕ್ರಕ್ಕೆ ಕೂತಿತು. ಇನ್ನು ಉಳಿದದ್ದು ಒಂದೇ.

"ಈಗ ಹತ್ತು ಮಗಾ."

ಪ್ರತಿ ಸಂಜೆಯೂ ಪಾಠ ಈ ಮಾತಿಗೆ ಬಂದಾಗ ಅವಳು ಸಾಕು ಎನ್ನುತ್ತಿದ್ದಳು. ಅಮ್ಮ ಎದ್ದು ಅಪ್ಪನನ್ನು ಸುಮ್ಮನಾಗಿಸುತ್ತಿದ್ದಳು. ಮರುದಿನ ಸೀಟು ಸಡಿಲಿಸಿ ಮತ್ತೆ ಮೊದಲಿಂದ. ಬೀಳುವ ಭಯ ಇರಲಿಲ್ಲ. ಬಾಡಿಗೆಯ ಪುಟ್ಟ ಸೈಕಲ್ಲಿನಲ್ಲಿ ಬ್ಯಾಲೆನ್ಸ್ ಎಂದೋ ಕಲಿತಿದ್ದಳು. ಅವಳ ಭಯ ಈ ಮಾತಿನ ಆಚೆಗಿತ್ತು. ಅಲ್ಲಿಗೆ ಪಾಠ ಮುಗಿಯುತ್ತದೆ.

ಇವತ್ತು ಅವಳು ಸಾಕು ಎನ್ನಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ಬೋಲ್ಟು ಸಡಿಲಿಸಿದಳು. ಅಮ್ಮ ಎದ್ದು ನಿಂತಳು. ಸೀಟು ಮೇಲೇರಿತು. ಕೆಂಪು ಗೆರೆಯ ಕೆಳಗೆ ಬಿಸಿಲು ಕಾಣದ ಕಂಬಿ ಹೊಳೆಯಿತು. ಬಿಗಿದು, ಹತ್ತಿದಳು. ಕಾಲು ನೆಟ್ಟಗಾಯಿತು.

"ಹಿಂದೆ ನಾನು ಹಿಡ್ಕೊಂಡಿದ್ದೀನಿ ಅನ್ಕೊ. ತಿರುಗಿ ನೋಡಬ್ಯಾಡ."

ಅವಳು ತುಳಿದಳು. ಅಂಗಳ ದಾಟಿದಳು. ಗಿರಣಿ ದಾಟುವಾಗ ಬೆನ್ನ ಹಿಂದೆ ಅಪ್ಪನ ದನಿ ಇನ್ನೂ ಇತ್ತು, ಅವಳು ಎಂದೂ ಕೇಳಿರದ ಮಾತು:

"ಸೀಟು ಗಿಡ್ಡ ಆದ್ರೆ ಎತ್ಕೊ ಮಗಾ. ನೀನು ಎಷ್ಟುದ್ದ ಬೆಳೀತೀಯೋ, ಗೆರೆ ನಾನು ಅಂದಾಜಿಗೆ ಎಳ್ದಿರೋದು."

ಅವಳು ತಿರುಗಿ ನೋಡಲಿಲ್ಲ.

ಎರಡು ವರ್ಷದ ಹಿಂದೆ, ಕೊನೆಯ ದಿನಗಳಲ್ಲಿ, ಆಸ್ಪತ್ರೆಯ ಮಂಚದ ಮೇಲಿಂದ ಅಜ್ಜಿಯ ಕ್ಯಾಸೆಟ್ಟಿಗೆ ಅಪ್ಪ ತುಂಬಿಸಿಟ್ಟಿದ್ದ ಮಾತು ಜಗಲಿಯ ಟೇಪ್ ರೆಕಾರ್ಡರಿನಲ್ಲಿ ಮುಗಿದು, ಅಳಿಸದೆ ಉಳಿದಿದ್ದ ವಚನದ ಹಾಡು ಅರ್ಧ ಸಾಲಿನಿಂದ ಶುರುವಾಯಿತು.